ಕೆಂಪು ಕೊಡೆಯ ಹಿಂದೆ ಓಡಬೇಡಿ: ಬೀದಿ ಫೋಟೋದಲ್ಲಿ ಬಣ್ಣಗಳ ನಂಟು

ಬೀದಿ ಫೋಟೋ ತೆಗೆಯಲು ಶುರುಮಾಡಿದ ಹೊಸದರಲ್ಲಿ ನನಗೆ ಕೆಂಪಿನ ಹುಚ್ಚು ಹಿಡಿದಿತ್ತು. ಕೆಂಪು ಕೊಡೆ ಕಂಡರೆ ಅದರ ಹಿಂದೆ ಹೋಗುತ್ತಿದ್ದೆ. ಕೆಂಪು ಕೋಟು, ಕೆಂಪು ಸೈಕಲ್ಲು, ಕೆಂಪು ಬಾಗಿಲು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ವರ್ಷ ಆದಮೇಲೆ ಅವನ್ನೆಲ್ಲ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿಕೊಂಡು ಕೂತೆ. ಕೊಡೆ ಮಾರುವವರ ಕ್ಯಾಟಲಾಗ್ ತರಹ ಕಾಣುತ್ತಿತ್ತು. ಕೊಡೆ ಇತ್ತು, ಫೋಟೋ ಇರಲಿಲ್ಲ.

ಆ ರಾಶಿಯಲ್ಲಿ ಒಂದೇ ಒಂದು ಚಿತ್ರದ ಮೇಲೆ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು. ಅದರಲ್ಲಿ ಕೆಂಪು ಇದ್ದದ್ದು ಉಗುರಿನಷ್ಟು. ಪಾಚಿ ಹಿಡಿದ ಹಸಿರು ಗೋಡೆಗೆ ಒರಗಿ ನಿಂತ ಒಬ್ಬ ಮನುಷ್ಯ, ಅವನ ಕಂಕುಳಲ್ಲಿ ಒಂದು ಕೆಂಪು ಫೈಲು. ಅಷ್ಟೇ. ಆ ಫೈಲಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಚಿತ್ರ ಸತ್ತುಹೋಗುತ್ತಿತ್ತು. ಗೋಡೆಯನ್ನು ಮುಚ್ಚಿದರೂ ಹಾಗೇ ಆಗುತ್ತಿತ್ತು. ಚಿತ್ರವನ್ನು ಹಿಡಿದು ನಿಲ್ಲಿಸಿದ್ದು ಕೆಂಪೂ ಅಲ್ಲ, ಹಸಿರೂ ಅಲ್ಲ, ಅವೆರಡರ ನಂಟು.

ಬೀದಿಯಲ್ಲಿ ಬಣ್ಣವನ್ನು ಹುಡುಕಬೇಡಿ, ಬಣ್ಣದ ಜೋಡಿಯನ್ನು ಹುಡುಕಿ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಜೋಡಿ ಹುಡುಕುವುದಕ್ಕೆ ಕಣ್ಣು ಪಳಗಬೇಕು, ಕಾಲು ನಿಲ್ಲಬೇಕು, ಕ್ಯಾಮೆರಾ ಸಿದ್ಧವಾಗಿರಬೇಕು. ಒಂದೊಂದಾಗಿ ನೋಡೋಣ.

ಮೊದಲು ಸ್ವಲ್ಪ ತಿಳಿದುಕೊಳ್ಳಿ

ಮಿಷೆಲ್ ಯೂಜೀನ್ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ, ಮಂಕಾಗಿದೆ ಎಂದು ಅವನಿಗೆ ದೂರು ಬರುತ್ತಿತ್ತು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ಏನೂ ದೋಷವಿರಲಿಲ್ಲ. ಆ ಕಪ್ಪಿನ ಪಕ್ಕದಲ್ಲಿ ನೀಲಿ, ನೇರಳೆ ನೂಲುಗಳನ್ನು ನೇಯ್ದಿದ್ದರು. ಅವುಗಳ ಜೊತೆಯಲ್ಲಿ ಕಪ್ಪು ಸೊರಗಿ ಕಾಣುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ಪಕ್ಕದ ಬಣ್ಣ ಬದಲಿಸಿಬಿಡುತ್ತದೆ ಎಂದು ಅವನು 1839ರಲ್ಲಿ ವಿವರವಾಗಿ ಬರೆದ. ಚಿತ್ರಕಾರರಿಗೆ ಅದು ಪಾಠವಾಯಿತು. ಬೀದಿಯಲ್ಲಿ ನಿಂತಿರುವ ನಮಗೂ ಅದೇ ಪಾಠ.

ಬಣ್ಣದ ಚಕ್ರ ಶಾಲೆಯಲ್ಲಿ ನೋಡಿರುತ್ತೀರಿ. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಸುತ್ತಿ ಮತ್ತೆ ಕೆಂಪು. ಚಕ್ರದಲ್ಲಿ ಎದುರುಬದುರಾಗಿ ಕೂತ ಬಣ್ಣಗಳು ಒಂದನ್ನೊಂದು ಏರಿಸುತ್ತವೆ: ಕೆಂಪಿಗೆ ಹಸಿರು, ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ. ಅಕ್ಕಪಕ್ಕದ ಬಣ್ಣಗಳು ಹೊಂದಿಕೊಂಡು ಹೋಗುತ್ತವೆ. ಇದು ಚಿತ್ರಕಾರರ ಚಕ್ರ. ಪರದೆಯ ಬೆಳಕಿನ ಲೆಕ್ಕದಲ್ಲಿ ಕೆಂಪಿಗೆ ಎದುರು ಹಸಿರುನೀಲಿ, ನೀಲಿಗೆ ಎದುರು ಹಳದಿ. ಎಡಿಟ್ ಮಾಡುವಾಗ ಈ ಎರಡನೇ ಲೆಕ್ಕ ಬೇಕಾಗುತ್ತದೆ. ಬೀದಿಯಲ್ಲಿ ನಿಂತಾಗ ಎರಡರ ಜಗಳ ಬೇಡ. ನಿಮ್ಮ ಕಣ್ಣಿಗೆ ಎರಡು ಬಣ್ಣ ಒಂದನ್ನೊಂದು ತಳ್ಳುತ್ತಿವೆಯಾ, ಸೆಳೆಯುತ್ತಿವೆಯಾ ಎಂಬುದು ಗೊತ್ತಾದರೆ ಸಾಕು.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಬಣ್ಣಕ್ಕೆ ಹೆಸರು ಮಾತ್ರ ಇರುವುದಲ್ಲ. ಅದು ಎಷ್ಟು ಗಾಢ, ಎಷ್ಟು ತಿಳಿ ಎಂಬುದೂ ಇದೆ. ಕಡುಗೆಂಪು ಅಂಗಿ, ಕಡುಹಸಿರು ಬಾಗಿಲು ಪಕ್ಕಪಕ್ಕ ಇದ್ದರೆ ಹೆಸರಿಗೆ ಎದುರು ಬಣ್ಣಗಳೇ. ಆದರೆ ಎರಡೂ ಒಂದೇ ಅಳತೆಗೆ ಕಪ್ಪಗಿದ್ದರೆ ಚಿತ್ರದಲ್ಲಿ ಒಂದರೊಳಗೊಂದು ಮುಳುಗಿಹೋಗುತ್ತವೆ. ಕಣ್ಣು ಅರ್ಧ ಮುಚ್ಚಿ ನೋಡಿ. ಆಗಲೂ ಎರಡೂ ಬೇರೆಬೇರೆ ಕಂಡರೆ ಫೋಟೋದಲ್ಲೂ ಬೇರೆಯಾಗಿ ನಿಲ್ಲುತ್ತವೆ. ಚಿತ್ರಕಾರರು ಹೀಗೆ ಕಣ್ಣು ಕಿರಿದು ಮಾಡಿ ನೋಡುವುದು ಸ್ಟೈಲಿಗಲ್ಲ.

ಒಂದು: ಕ್ಯಾಮೆರಾವನ್ನು ಮನೆಯಲ್ಲೇ ಸಿದ್ಧಮಾಡಿ

ಬೀದಿಯಲ್ಲಿ ಬಣ್ಣದ ಜೋಡಿ ಎರಡು ಸೆಕೆಂಡು ಇದ್ದರೆ ಅದೇ ಹೆಚ್ಚು. ಆ ಹೊತ್ತಿನಲ್ಲಿ ಬಟನ್ ತಿರುಗಿಸುತ್ತಾ ಕೂತರೆ ಮುಗಿಯಿತು.

ಹಗಲಿನಲ್ಲಿ ನನ್ನ ಸೆಟ್ಟಿಂಗ್ ಹೀಗಿರುತ್ತದೆ. ಶಟರ್ 1/500 (ಸೆಕೆಂಡಿನ ಐನೂರನೇ ಒಂದು ಭಾಗ ಮಾತ್ರ ತೆರೆದಿರುತ್ತದೆ), ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದು) 35 ಎಂಎಂ ಲೆನ್ಸ್ ಹಾಕಿ, ಎಫ್/8 ಇಟ್ಟು, ಫೋಕಸ್ಸನ್ನು ಕೈಯಾರೆ 3 ಮೀಟರಿಗೆ ನಿಲ್ಲಿಸಿದರೆ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. 28 ಎಂಎಂ ಆದರೆ ಇನ್ನೂ ನಿರಾಳ. ಆಮೇಲೆ ಫೋಕಸ್ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ, ಕಣ್ಣು ಪೂರ್ತಿ ಬಣ್ಣದ ಮೇಲಿರುತ್ತದೆ. ಫೋನಿನಲ್ಲಿ ತೆಗೆಯುವವರಿಗೆ ಈ ತಲೆನೋವಿಲ್ಲ. ಅದರ ಸಣ್ಣ ಸೆನ್ಸರ್‌ನಿಂದಾಗಿ ಹೆಚ್ಚುಕಡಿಮೆ ಎಲ್ಲವೂ ಫೋಕಸ್ಸಿನಲ್ಲೇ ಇರುತ್ತದೆ.

ಎಕ್ಸ್‌ಪೋಷರನ್ನು ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪಿನಷ್ಟು ಕೆಳಗಿಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಬೆಳಕು ಜಾಸ್ತಿಯಾದರೆ ಬಣ್ಣ ತೊಳೆದುಹೋಗುತ್ತದೆ. ಅದರಲ್ಲೂ ಬಿಸಿಲಿಗೆ ಬಿದ್ದ ಕೆಂಪು ಬಟ್ಟೆ ಬೇಗ ಕೈಕೊಡುತ್ತದೆ. ಮಡಿಕೆ, ನೆರಿಗೆ ಎಲ್ಲ ಅಳಿಸಿ ಬರೀ ಕೆಂಪು ಪಟ್ಟಿ ಉಳಿಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಅದು ವಾಪಸ್ ಬರುವುದಿಲ್ಲ. ಹಿಸ್ಟೋಗ್ರಾಂ (ಚಿತ್ರದಲ್ಲಿ ಬೆಳಕು, ಕತ್ತಲೆ ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ನೋಡುವ ಅಭ್ಯಾಸವಿದ್ದರೆ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಇಟ್ಟುಕೊಳ್ಳಿ. ಕೊಡಾಕ್ರೋಮ್ ಸ್ಲೈಡ್ ಫಿಲ್ಮಿನ ಕಾಲದವರೂ ಇದನ್ನೇ ಮಾಡುತ್ತಿದ್ದರು. ಸ್ವಲ್ಪ ಕತ್ತಲೆ ಕಡೆಗೆ ಇಟ್ಟರೆ ಬಣ್ಣ ಗಾಢವಾಗಿ ಕೂರುತ್ತಿತ್ತು. 1935ರಲ್ಲಿ ಬಂದ ಆ ಫಿಲ್ಮು 2009ರಲ್ಲಿ ನಿಂತಿತು. ಉಪಾಯ ಇನ್ನೂ ನಿಂತಿಲ್ಲ.

ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣವನ್ನು ಕ್ಯಾಮೆರಾ ತಿದ್ದಿಕೊಳ್ಳುವ ಸೆಟ್ಟಿಂಗ್) ಆಟೋದಿಂದ ತೆಗೆದು ಹಗಲು ಬೆಳಕಿಗೆ, ಅಂದರೆ 5500 ಕೆಲ್ವಿನ್ ಆಸುಪಾಸಿಗೆ ನಿಲ್ಲಿಸಿ. ಆಟೋ ತುಂಬಾ ಒಳ್ಳೆಯ ಹುಡುಗ. ಸಂಜೆಯ ಕಿತ್ತಳೆ ಬೆಳಕನ್ನೂ ನೆರಳಿನ ನೀಲಿಯನ್ನೂ ತಿದ್ದಿ ಸಪ್ಪೆ ಮಾಡಿಬಿಡುತ್ತಾನೆ. ನಮಗೆ ಬೇಕಾಗಿರುವುದೇ ಆ ವ್ಯತ್ಯಾಸ. ಜೊತೆಗೆ ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದದ್ದನ್ನು ಹಾಗೇ ಉಳಿಸುವ ಫೈಲು) ತೆಗೆಯಿರಿ, ತಪ್ಪಾದರೆ ತಿದ್ದಲು ದಾರಿ ಇರುತ್ತದೆ.

ಎರಡು: ಕ್ಯಾಮೆರಾ ಇಲ್ಲದೆ ಹದಿನೈದು ನಿಮಿಷ ನಡೆಯಿರಿ

ಕ್ಯಾಮೆರಾ ಚೀಲದಲ್ಲೇ ಇರಲಿ. ಇವತ್ತಿಗೆ ಒಂದು ಬಣ್ಣ ಆರಿಸಿಕೊಳ್ಳಿ, ಹಳದಿ ಅಂದುಕೊಳ್ಳಿ. ನಡೆಯುತ್ತಾ ಹಳದಿ ಎಲ್ಲೆಲ್ಲಿದೆ ಎಂದು ನೋಡಿ. ಮೊದಲ ಐದು ನಿಮಿಷ ದೊಡ್ಡ ದೊಡ್ಡದೇ ಕಾಣುತ್ತದೆ: ವಾಹನ, ಫಲಕ, ಗೋಡೆ. ಆಮೇಲೆ ಚಿಕ್ಕದು ಕಾಣಲು ಶುರುವಾಗುತ್ತದೆ: ಶೂ ಲೇಸು, ಪೆನ್ನಿನ ಮುಚ್ಚಳ, ಕಿಟಕಿಯೊಳಗಿನ ದೀಪ.

ಈಗ ಪ್ರತಿ ಹಳದಿಗೂ ಒಂದು ಪ್ರಶ್ನೆ ಹಾಕಿ: ಇದರ ಪಕ್ಕದಲ್ಲಿ ಯಾವ ಬಣ್ಣವಿದೆ? ಹೆಸರು ಹಿಡಿದು ಬಾಯಲ್ಲಿ ಹೇಳಿಕೊಳ್ಳಿ. "ಹಳದಿ, ಬೂದು. ಹಳದಿ, ಇಟ್ಟಿಗೆ ಬಣ್ಣ. ಹಳದಿ, ನೀಲಿ." ಪಕ್ಕದಲ್ಲಿ ನಡೆಯುವವರು ಒಂಥರಾ ನೋಡಬಹುದು, ನೋಡಲಿ ಬಿಡಿ. ಒಂದು ವಾರ ಹೀಗೆ ಮಾಡಿದರೆ ಕಣ್ಣು ಒಂಟಿ ಬಣ್ಣವನ್ನು ನೋಡುವುದನ್ನೇ ಬಿಟ್ಟು ಜೋಡಿಯನ್ನು ನೋಡುವುದಕ್ಕೆ ಶುರುಮಾಡುತ್ತದೆ. ನನಗೆ ಪುಸ್ತಕ ಓದಿ ಬರದಿದ್ದದ್ದು ಇದರಿಂದ ಬಂತು.

ಮೂರು: ಮೊದಲು ಹಿನ್ನೆಲೆ, ಆಮೇಲೆ ಮನುಷ್ಯ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಬಣ್ಣದ ಬೀದಿ ಫೋಟೋದಲ್ಲಿ ಮುಕ್ಕಾಲು ಪಾಲು ಕೆಲಸ ಇದೇ.

ಬಣ್ಣಬಣ್ಣದ ಬಟ್ಟೆ ಹಾಕಿದವರನ್ನು ಕಂಡು ಹಿಂದೆ ಓಡಿದರೆ ಅವರ ಹಿನ್ನೆಲೆ ನಿಮ್ಮ ಕೈಯಲ್ಲಿರುವುದಿಲ್ಲ. ಅವರು ಎಲ್ಲಿ ಹೋದರೆ ಅಲ್ಲಿಗೆ ನೀವು. ಅದರ ಬದಲು ಒಳ್ಳೆಯ ಗೋಡೆ, ಬಾಗಿಲು, ಅಂಗಡಿಯ ಶಟರು ಅಥವಾ ಬೆಳಕಿನ ತುಂಡು ನೋಡಿ ಅಲ್ಲೇ ನಿಂತುಬಿಡಿ. ಜನ ತಾವಾಗಿಯೇ ಬರುತ್ತಾರೆ. ಯಾವ ಬಣ್ಣ ಬರುತ್ತದೋ ಗೊತ್ತಿಲ್ಲ, ಆದರೆ ಒಂದು ಬಣ್ಣವಂತೂ ನಿಮ್ಮ ಕೈಯಲ್ಲಿದೆ.

ಒಳ್ಳೆಯ ಹಿನ್ನೆಲೆ ಅಂದರೆ ಯಾವುದು? ನನ್ನ ಪ್ರಕಾರ, ಒಂದೇ ಬಣ್ಣ ಫ್ರೇಮಿನ ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು. ಬಣ್ಣ ಹೊಸದಾಗಿ ಬಳಿದಂತೆ ಮಿರಮಿರ ಮಿಂಚುತ್ತಿರಬಾರದು. ಬಿಸಿಲಿಗೆ ಮಳೆಗೆ ಮಾಸಿದ ಬಣ್ಣವೇ ಚೆಂದ, ಅದರ ಮುಂದೆ ಬಂದ ಮನುಷ್ಯ ಎದ್ದು ಕಾಣುತ್ತಾನೆ. ಢಾಳಾದ ಹಿನ್ನೆಲೆ ಮನುಷ್ಯನನ್ನೇ ನುಂಗಿಹಾಕುತ್ತದೆ. ಅಕ್ಷರಗಳಿರುವ ಗೋಡೆಯಿಂದ ದೂರವಿರಿ. ಅಕ್ಷರ ಕಂಡ ಕೂಡಲೇ ನೋಡುವವರು ಓದಲು ಶುರುಮಾಡುತ್ತಾರೆ, ಬಣ್ಣ ಹಿಂದೆ ಬೀಳುತ್ತದೆ.

ಜಾಗ ಸಿಕ್ಕಿತು ಅಂದುಕೊಳ್ಳಿ. ಖಾಲಿ ಫ್ರೇಮನ್ನೇ ಒಮ್ಮೆ ತೆಗೆದು ನೋಡಿ. ಎಲ್ಲಿ ಕಂಬವಿದೆ, ಎಲ್ಲಿ ಕಿಟಕಿಯ ಅಂಚಿದೆ, ಮನುಷ್ಯ ಎಲ್ಲಿಗೆ ಬಂದರೆ ತಲೆ ಖಾಲಿ ಬಣ್ಣದ ಮೇಲೆ ಬೀಳುತ್ತದೆ, ಎಲ್ಲವನ್ನೂ ಈಗಲೇ ತೀರ್ಮಾನಿಸಿ. ನೆಲದ ಮೇಲೆ ಒಂದು ಗುರುತು ಮನಸ್ಸಿನಲ್ಲೇ ಹಾಕಿಕೊಳ್ಳಿ. ಕಾಲು ಅಲ್ಲಿಗೆ ಬಂದಾಗ ಒತ್ತುವುದು.

ಒಮ್ಮೆ ಹೀಗೇ ನೀಲಿ ಬಣ್ಣದ ಉಕ್ಕಿನ ಶಟರಿನ ಎದುರು ನಲವತ್ತು ನಿಮಿಷ ನಿಂತಿದ್ದೆ. ಕಿತ್ತಳೆ ಬರಲಿ ಎಂದು ಕಾಯುತ್ತಿದ್ದೆ. ಕಿತ್ತಳೆಯ ಸುಳಿವೇ ಇಲ್ಲ. ಬಿಳಿ ಬಂತು, ಕಪ್ಪು ಬಂತು, ಬೂದು ಬಣ್ಣದ ಸಾಲೇ ಹೋಯಿತು. ಇನ್ನು ಹೊರಡೋಣ ಅನ್ನುವಾಗ ಹೆಚ್ಚುಕಡಿಮೆ ಅದೇ ನೀಲಿಯ ಅಂಗಿ, ಅದೇ ನೀಲಿಯ ಪ್ಯಾಂಟು ಹಾಕಿದ ವಯಸ್ಸಾದವರೊಬ್ಬರು ಬಂದರು. ನಾನು ಮನಸ್ಸಿಲ್ಲದೆ ಒತ್ತಿದೆ. ಮನೆಗೆ ಬಂದು ನೋಡಿದರೆ ಅವರ ಮೈ ಶಟರಿನಲ್ಲಿ ಕರಗಿಹೋಗಿತ್ತು. ಮುಖ ಮತ್ತು ಎರಡು ಕೈ ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ನಾನು ಕಾಯುತ್ತಿದ್ದ ಕಿತ್ತಳೆ ಅಲ್ಲೇ ಇತ್ತು, ಅವರ ಚರ್ಮದಲ್ಲಿ. ಮನುಷ್ಯರ ಚರ್ಮ ಎಷ್ಟೇ ಬಿಳಿ, ಎಷ್ಟೇ ಕಪ್ಪು ಇರಲಿ, ಬಹುಪಾಲು ಕಿತ್ತಳೆ ಕಡೆಗೇ ವಾಲಿರುತ್ತದೆ. ಹಾಗಾಗಿ ನೀಲಿ ಹಿನ್ನೆಲೆಯ ಮುಂದೆ ಯಾರೇ ನಿಂತರೂ ಅರ್ಧ ಕೆಲಸ ಆದಂತೆಯೇ. ಅಂದಿನಿಂದ ನೀಲಿ ಗೋಡೆ ಕಂಡರೆ ನಾನು ಬೇರೆ ಬಣ್ಣಕ್ಕೆ ಕಾಯುವುದಿಲ್ಲ. ಮುಖಕ್ಕೆ, ಕೈಗೆ ಕಾಯುತ್ತೇನೆ.

ಎಷ್ಟು ಹೊತ್ತು ಕಾಯಬೇಕು? ನನ್ನ ಲೆಕ್ಕ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಏನೂ ಆಗದಿದ್ದರೆ ಜಾಗದ ಹೆಸರು, ಬೆಳಕು ಬಿದ್ದ ಹೊತ್ತು ಬರೆದುಕೊಂಡು ಮುಂದೆ ಹೋಗುತ್ತೇನೆ. ಗೋಡೆ ಎಲ್ಲಿಗೂ ಹೋಗುವುದಿಲ್ಲ.

ನಾಲ್ಕು: ಯಾವ ನಂಟು ಎಂದು ತೀರ್ಮಾನಿಸಿ

ಎದುರು ಬಣ್ಣಗಳ ಜೋಡಿ ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ಅದರಲ್ಲಿ ತಪ್ಪುವುದು ಅಳತೆಯಲ್ಲಿ. ಜರ್ಮನ್ ಕವಿ ಗಯಟೆ ಬಣ್ಣಗಳ ಬಗ್ಗೆಯೂ ತುಂಬಾ ತಲೆಕೆಡಿಸಿಕೊಂಡಿದ್ದ. ಅವನದೆಂದು ಹೇಳುವ ಒಂದು ಲೆಕ್ಕವಿದೆ. ಹೊಳಪಿನಲ್ಲಿ ಹಳದಿಗೆ 9, ಕಿತ್ತಳೆಗೆ 8, ಕೆಂಪಿಗೂ ಹಸಿರಿಗೂ 6, ನೀಲಿಗೆ 4, ನೇರಳೆಗೆ 3. ಹೊಳಪು ಜಾಸ್ತಿ ಇರುವ ಬಣ್ಣಕ್ಕೆ ಜಾಗ ಕಡಿಮೆ ಕೊಟ್ಟರೆ ತೂಕ ಸಮವಾಗುತ್ತದೆ. ಅಂದರೆ ಒಂದು ಪಾಲು ಹಳದಿಗೆ ಮೂರು ಪಾಲು ನೇರಳೆ, ಒಂದು ಪಾಲು ಕಿತ್ತಳೆಗೆ ಎರಡು ಪಾಲು ನೀಲಿ, ಕೆಂಪು ಹಸಿರು ಸಮಸಮ. ಬೀದಿಯಲ್ಲಿ ಸ್ಕೇಲ್ ಹಿಡಿದು ಅಳೆಯಲು ಆಗುವುದಿಲ್ಲ, ಅಳೆಯಲೂಬೇಡಿ. ಆದರೆ ಸಮತೂಕ ಎಲ್ಲಿದೆ ಎಂದು ಗೊತ್ತಿದ್ದರೆ ಬೇಕೆಂದೇ ತಪ್ಪಿಸಬಹುದು. ನನಗಂತೂ ಸಮ ಇರುವುದಕ್ಕಿಂತ ವಾಲಿರುವುದೇ ಇಷ್ಟ. ಫ್ರೇಮಿನ ತುಂಬಾ ಹಸಿರು, ಉಗುರಿನಷ್ಟು ಕೆಂಪು. ಆಗ ಕಣ್ಣು ಎಲ್ಲಿಗೆ ಹೋಗಬೇಕು ಎಂಬ ಗೊಂದಲವೇ ಇರುವುದಿಲ್ಲ.

ಅಕ್ಕಪಕ್ಕದ ಬಣ್ಣಗಳ ಚಿತ್ರ ಮೆತ್ತಗಿರುತ್ತದೆ. ಕೆಂಪು, ಇಟ್ಟಿಗೆ, ಕಂದು, ಕಿತ್ತಳೆ ಎಲ್ಲ ಒಂದೇ ಮನೆಯವರ ಹಾಗೆ. ಇಲ್ಲಿ ಬಣ್ಣ ಜಗಳವಾಡುವುದಿಲ್ಲವಾದ್ದರಿಂದ ಬೆಳಕು ನೆರಳು ಚೆನ್ನಾಗಿರಬೇಕು. ಇಲ್ಲದಿದ್ದರೆ ಎಲ್ಲ ಕಲಸಿದ ಮಣ್ಣಿನಂತೆ ಕಾಣುತ್ತದೆ.

ಒಂದೇ ಬಣ್ಣ, ಉಳಿದದ್ದೆಲ್ಲ ಬೂದು. ಮಳೆ, ಮಂಜು, ಸಿಮೆಂಟ್ ಇರುವಲ್ಲಿ ಇದು ಸುಲಭ. ಹೊಸಬರು ಇದರಿಂದ ಶುರುಮಾಡಿ ಇಲ್ಲೇ ಉಳಿದುಬಿಡುತ್ತಾರೆ. ನನ್ನ ಕೆಂಪು ಕೊಡೆಗಳೂ ಇದೇ ಜಾತಿಯವು. ಕಪ್ಪುಬಿಳುಪು ಮಾಡಿ ಒಂದಕ್ಕೆ ಮಾತ್ರ ಬಣ್ಣ ಉಳಿಸುವ ಆ ಎಡಿಟಿಂಗ್ ಇದೆಯಲ್ಲ, ದಯವಿಟ್ಟು ಅದೊಂದು ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾರ್ದನಿ. ಒಂದೇ ಬಣ್ಣ ಫ್ರೇಮಿನ ಎರಡು ಕಡೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳಲ್ಲಿ ಕಾಣಿಸಿಕೊಳ್ಳುವುದು. ಹತ್ತಿರದಲ್ಲಿ ಒಬ್ಬಳ ಹಳದಿ ಸ್ಕಾರ್ಫ್, ದೂರದಲ್ಲಿ ರಸ್ತೆ ದಾಟುತ್ತಿರುವವನ ಕೈಲಿ ಹಳದಿ ಲಕೋಟೆ. ಇಬ್ಬರಿಗೂ ಪರಿಚಯವಿಲ್ಲ, ಒಬ್ಬರನ್ನೊಬ್ಬರು ನೋಡಿಯೂ ಇಲ್ಲ. ಆದರೆ ಚಿತ್ರ ನೋಡುವವನ ಕಣ್ಣು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತದೆ, ಇಬ್ಬರ ನಡುವೆ ಒಂದು ಕತೆ ಹುಟ್ಟುತ್ತದೆ. ಇದನ್ನು ಹಿಡಿಯಬೇಕಾದರೆ ಮೊದಲ ಹಳದಿ ಫ್ರೇಮಿಗೆ ಬಂದ ಕೂಡಲೇ ಕಣ್ಣನ್ನು ಅದರಿಂದ ಕಿತ್ತು ದೂರಕ್ಕೆ ಹಾಯಿಸಬೇಕು. ಕಷ್ಟವೇ. ಹತ್ತಕ್ಕೆ ಒಂಬತ್ತು ಸಲ ತಪ್ಪುತ್ತದೆ. ಎರಡು ಹಳದಿಗಳು ತೀರಾ ಒಂದೇ ಆಗಿರಬೇಕೆಂದೇನೂ ಇಲ್ಲ, ಆದರೆ ಗಾತ್ರ ಬೇರೆಬೇರೆ ಇದ್ದರೆ ಚೆನ್ನ. ಒಂದು ಕೂಗು, ಇನ್ನೊಂದು ಅದರ ಪ್ರತಿಧ್ವನಿ ಎಂಬಂತಿರಬೇಕು.

ಇದಲ್ಲದೆ ಬೆಳಕಿನದೇ ಬಣ್ಣವಿದೆ. ಅದಕ್ಕೆ ಬೇರೆಯೇ ಜಾಗ ಬೇಕು.

ಐದು: ಹೊತ್ತು ನೋಡಿ ಹೊರಡಿ

ಬಿಸಿಲಿನ ದಿನ ಸಂಜೆ ಸೂರ್ಯ ಇಳಿದಾಗ ಬಿಸಿಲು ಬಿದ್ದ ಕಡೆ ಕಿತ್ತಳೆ, ನೆರಳಿನ ಕಡೆ ನೀಲಿ. ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ, ಅದಕ್ಕೇ ಹಾಗೆ. ಗೋಡೆ ಬರೀ ಬಿಳಿ ಇದ್ದರೂ ಎದುರು ಬಣ್ಣಗಳ ಜೋಡಿ ಪುಕ್ಕಟೆ ಸಿಗುತ್ತದೆ. ಬಿಸಿಲು ನೆರಳಿನ ಗೆರೆಯ ಮೇಲೆ ಕಾದು ನಿಲ್ಲಿ. ಅಮೆರಿಕದ ಫೋಟೋಗ್ರಾಫರ್ ಅಲೆಕ್ಸ್ ವೆಬ್ ಅವರ ಚಿತ್ರಗಳನ್ನು ನೋಡಿ. ಕಡು ನೆರಳನ್ನು ಅವರು ಕಪ್ಪು ಬಣ್ಣವನ್ನಾಗಿಯೇ ಬಳಸುತ್ತಾರೆ. ಬೇಡದ ಬಣ್ಣವೆಲ್ಲ ಆ ಕಪ್ಪಿನಲ್ಲಿ ಅಡಗುತ್ತದೆ, ಬೇಕಾದ ಬಣ್ಣ ಬೆಳಕಿನ ತುಂಡಿನಲ್ಲಿ ಹೊತ್ತಿ ಉರಿಯುತ್ತದೆ.

ಮೋಡದ ದಿನ ಮನೆಯಲ್ಲಿ ಕೂರಬೇಡಿ. ಮೆತ್ತನೆಯ ಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸ ಕಾಣುವುದೇ ಆಗ. ಮಳೆ ನಿಂತ ಮೇಲಿನ ಅರ್ಧ ಗಂಟೆಯಂತೂ ಹಬ್ಬ. ಒದ್ದೆಯಾದ ಗೋಡೆ, ರಸ್ತೆಯ ಮೇಲೆ ನೀರಿನ ಪದರ ಕೂತು ಬೆಳಕು ಚದುರುವುದು ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಒಣಗಿದ ಕಲ್ಲನ್ನು ನೀರಿಗೆ ಹಾಕಿದರೆ ಬಣ್ಣ ಏರುತ್ತದಲ್ಲ, ಹಾಗೆಯೇ.

ಆವಿ ಕಟ್ಟಿದ ಗಾಜು, ಬಸ್ಸಿನ ಕಿಟಕಿ, ಅಂಗಡಿ ಗಾಜಿನ ಪ್ರತಿಬಿಂಬ ಇವೂ ಬಣ್ಣವನ್ನು ಬೆರೆಸಿಕೊಡುತ್ತವೆ. ಸಾಲ್ ಲೈಟರ್ (1923–2013) ನ್ಯೂಯಾರ್ಕಿನಲ್ಲಿ ತಾನಿದ್ದ ಸುತ್ತಮುತ್ತಲ ಬೀದಿಗಳಲ್ಲೇ 1940ರ ದಶಕದ ಕೊನೆಯಿಂದ ಬಣ್ಣದಲ್ಲಿ ತೆಗೆಯುತ್ತಿದ್ದ. ಕಲೆಯೆಂದರೆ ಕಪ್ಪುಬಿಳುಪೇ ಎಂದು ಹೆಚ್ಚಿನವರು ನಂಬಿದ್ದ ಕಾಲವದು. ಅವನು ಚಿತ್ರಕಾರನೂ ಹೌದು, ಅದು ಗೊತ್ತಾಗುತ್ತದೆ. ಫ್ರೇಮಿನ ಮುಕ್ಕಾಲು ಭಾಗವನ್ನು ಕತ್ತಲೆಯಿಂದಲೋ ಮಂಜಿನಿಂದಲೋ ಮುಚ್ಚಿ, ಉಳಿದ ಕಿಂಡಿಯಲ್ಲಿ ಒಂದು ಕೊಡೆ ಇಡುತ್ತಾನೆ. ಕೊಡೆ ಅವನದೂ ಕೆಂಪೇ. ನನ್ನ ಕೊಡೆಗಳಿಗೂ ಅವನದಕ್ಕೂ ಇರುವ ದೂರ ನೋಡಿದಾಗ ನಾಚಿಕೆಯಾಗುತ್ತದೆ.

ಸಂಜೆ ಕತ್ತಲಾಗುವ ಹೊತ್ತಿನಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹಸಿರು ಹೊಳೆಯುತ್ತವೆ. ಕ್ಯಾಮೆರಾಕ್ಕೆ ಹಾಗಾಗುವುದಿಲ್ಲ. ಕಣ್ಣಿಗೆ ಸತ್ತಂತೆ ಕಂಡ ಕೆಂಪು ಫೋಟೋದಲ್ಲಿ ಎದ್ದು ಕೂರುತ್ತದೆ. ಹಾಗಾಗಿ ಮುಸ್ಸಂಜೆಯಲ್ಲಿ ಕಣ್ಣನ್ನು ಪೂರ್ತಿ ನಂಬಬೇಡಿ, ಪರದೆಯಲ್ಲಿ ಒಮ್ಮೆ ನೋಡಿ. ಹಳೆಯ ಸೋಡಿಯಂ ದೀಪಗಳ ಕೆಳಗೆ ಮಾತ್ರ ಬಣ್ಣದ ಆಸೆಯನ್ನೇ ಬಿಡಿ. ಅಚ್ಚ ಹಳದಿ ಬೆಳಕು ಕೊಡುವ ದೀಪದ ಕೆಳಗೆ ಎಲ್ಲ ಬಟ್ಟೆಯೂ ಹಳದಿ, ಇಲ್ಲವೇ ಕಪ್ಪು.

ಆರು: ಅಂಚುಗಳನ್ನು ಕಾಯಿರಿ

ಇದು ನಾನು ತೀರಾ ತಡವಾಗಿ ಕಲಿತದ್ದು. ನನ್ನ ಬಣ್ಣದ ಫೋಟೋಗಳು ಹಾಳಾದದ್ದು ಒಳ್ಳೆಯ ಜೋಡಿ ಸಿಗದೆ ಅಲ್ಲ. ಮೂರನೆಯವನು ನುಗ್ಗಿದ್ದರಿಂದ. ನಡುವೆ ಚೆಂದದ ಹಸಿರು, ಕೆಂಪು. ಎಡ ಮೂಲೆಯಲ್ಲಿ ಯಾರೋ ಬಿಸಾಡಿದ ನೀಲಿ ಪ್ಲಾಸ್ಟಿಕ್ ಚೀಲ. ನೋಡುವವರ ಕಣ್ಣು ಸೀದಾ ಆ ಚೀಲಕ್ಕೇ ಹೋಗುತ್ತದೆ.

ರಸ್ತೆ ಕೆಲಸದವರು ಹಾಕುವ ಮಿಂಚು ಹಳದಿ ಜಾಕೆಟ್ ಇದರಲ್ಲಿ ದೊಡ್ಡ ಶತ್ರು. ಅದರ ಬಣ್ಣ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನೂ ಹೀರಿ ಕಾಣುವ ಬೆಳಕಾಗಿ ಹೊರಹಾಕುತ್ತದೆ, ಅದಕ್ಕೇ ಸುತ್ತಲಿನ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ. ದೂರದಿಂದ ಕಾಣಲಿ ಎಂದೇ ಮಾಡಿದ್ದು ಅದು, ತನ್ನ ಕೆಲಸ ಅದು ಮಾಡುತ್ತದೆ. ಅಂಥದ್ದು ಫ್ರೇಮಿನೊಳಗೆ ಬಂದರೆ ಅದನ್ನೇ ಮುಖ್ಯ ಬಣ್ಣವಾಗಿ ಒಪ್ಪಿಕೊಳ್ಳಿ, ಇಲ್ಲ ಅದು ಹೋಗುವ ತನಕ ಸುಮ್ನೆ ಕಾಯಿರಿ.

ಒತ್ತುವ ಮೊದಲು ನಾಲ್ಕು ಮೂಲೆಯ ಮೇಲೆ ಒಮ್ಮೆ ಕಣ್ಣು ಓಡಿಸುವ ಅಭ್ಯಾಸ ಮಾಡಿ. ಬೇಡದ ಬಣ್ಣ ಇದ್ದರೆ ಮೂರು ದಾರಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಂಬದ ಹಿಂದೆ ಅದನ್ನು ಅಡಗಿಸುವುದು. ಮಂಡಿಯೂರಿ ಅಥವಾ ಕ್ಯಾಮೆರಾ ಎತ್ತಿ ಹಿಡಿದು ಹಿನ್ನೆಲೆಯನ್ನೇ ಬದಲಿಸುವುದು. ಹತ್ತಿರ ಹೋಗುವುದು. ಹತ್ತಿರ ಹೋದಷ್ಟೂ ಬಣ್ಣಗಳ ಸಂಖ್ಯೆ ಕಡಿಮೆಯಾಗುತ್ತದೆ. ಒಂದು ಫ್ರೇಮಿನಲ್ಲಿ ಎರಡು ಮುಖ್ಯ ಬಣ್ಣ, ಜಾಸ್ತಿ ಅಂದರೆ ಮೂರು. ಅದಕ್ಕಿಂತ ಹೆಚ್ಚನ್ನು ಹಿಡಿತದಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ. ಭಾರತದ ಫೋಟೋಗ್ರಾಫರ್ ರಘುಬೀರ್ ಸಿಂಗ್ (1942–1999) ಗಿಜಿಗುಡುವ ಫ್ರೇಮಿನಲ್ಲಿ ಐದಾರು ಬಣ್ಣಗಳನ್ನು ಇಟ್ಟು ಒಂದನ್ನೂ ದಾರಿತಪ್ಪಲು ಬಿಡುತ್ತಿರಲಿಲ್ಲ. ನಮಗೆ ಸದ್ಯಕ್ಕೆ ಎರಡೇ ಸಾಕು.

ಏಳು: ಒತ್ತುವ ಕ್ಷಣ, ಮತ್ತು ಜನ

ಬಣ್ಣ ವೇದಿಕೆ ಹಾಕಿಕೊಡುತ್ತದೆ, ನಾಟಕ ಆಡುವವರು ಜನ. ನೀಲಿ ಗೋಡೆ ಮುಂದೆ ಕಿತ್ತಳೆ ಅಂಗಿಯವನು ಸುಮ್ಮನೆ ನಡೆದುಹೋದರೆ ಅದು ಬಟ್ಟೆ ಅಂಗಡಿಯ ಜಾಹೀರಾತು. ಅವನು ತಿರುಗಿ ನೋಡಲಿ, ಆಕಳಿಸಲಿ, ಕೈಲಿದ್ದ ಚೀಟಿ ಗಾಳಿಗೆ ಹಾರಿ ಅದನ್ನು ಹಿಡಿಯಲು ಬಾಗಲಿ. ಬಣ್ಣ ಕೂಡಿಬಂದ ಮೇಲೆ ಒಂದಲ್ಲ, ನಾಲ್ಕೈದು ಸಲ ಒತ್ತಿ. ಹೆಜ್ಜೆ ಅಗಲವಾಗಿರುವಾಗ, ಕೈ ಮೈಯಿಂದ ದೂರವಿರುವಾಗ ಆಕಾರ ಸ್ಪಷ್ಟವಾಗಿ ಬರುತ್ತದೆ.

ನೀವು ಒಂದೇ ಕಡೆ ನಿಂತು ಗೋಡೆ ನೋಡುತ್ತಿದ್ದರೆ ಜನ ನಿಮ್ಮನ್ನು ಬೇಗ ಮರೆಯುತ್ತಾರೆ. ಕೆಲವರು ಅಡ್ಡ ಬರಬಾರದೆಂದು ನಿಲ್ಲುತ್ತಾರೆ. "ಪರವಾಗಿಲ್ಲ, ಹೋಗಿ" ಎಂದು ಕೈ ತೋರಿಸಿದರಾಯಿತು. ಒತ್ತಿದ ಮೇಲೂ ಕ್ಯಾಮೆರಾ ಕೂಡಲೇ ಇಳಿಸದೆ ಗೋಡೆಯನ್ನೇ ನೋಡುತ್ತಿದ್ದರೆ ಅವರ ಸಹಜತೆ ಕೆಡುವುದಿಲ್ಲ. ನಿಮ್ಮನ್ನು ಗಮನಿಸಿ ಪ್ರಶ್ನೆ ಕೇಳಿದರೆ ಇದ್ದದ್ದು ಹೇಳಿ: "ಈ ಗೋಡೆ ಬಣ್ಣಕ್ಕೂ ನಿಮ್ಮ ಅಂಗಿಗೂ ಚೆನ್ನಾಗಿ ಹೊಂದಿತ್ತು, ಅದಕ್ಕೆ ತೆಗೆದೆ." ಚಿತ್ರ ತೋರಿಸಿ. ಬೇಡ ಅಂದರೆ ಅಳಿಸಿಬಿಡಿ. ನೋವಿನಲ್ಲಿರುವವರನ್ನು, ಅಸಹಾಯಕರನ್ನು ಬಣ್ಣ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ತೆಗೆಯಬೇಡಿ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತರಹ. ಪ್ರಕಟಿಸುವ ಮೊದಲು ನೀವಿರುವ ಕಡೆಯ ನಿಯಮ ನೋಡಿಕೊಳ್ಳಿ.

ಎಂಟು: ಮನೆಗೆ ಬಂದ ಮೇಲೆ

ಆರಿಸುವಾಗ ಮೊದಲು ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಮಾಡಿ ನೋಡಿ. ಆ ಗಾತ್ರದಲ್ಲಿ ಮುಖ, ಕತೆ ಏನೂ ಕಾಣುವುದಿಲ್ಲ, ಬಣ್ಣದ ತುಂಡುಗಳು ಮಾತ್ರ ಕಾಣುತ್ತವೆ. ಅವು ನಿಂತಿವೆಯಾ? ಆಮೇಲೆ ಕಪ್ಪುಬಿಳುಪು ಮಾಡಿ ನೋಡಿ. ಕಪ್ಪುಬಿಳುಪಿನಲ್ಲಿ ಇನ್ನೂ ಚೆನ್ನಾಗಿ ಕಂಡರೆ ಬಣ್ಣ ಅಲ್ಲಿ ಕೆಲಸವನ್ನೇ ಮಾಡಿಲ್ಲ ಎಂದರ್ಥ. ಅಮೆರಿಕದ ಫೋಟೋಗ್ರಾಫರ್ ಜೋಯೆಲ್ ಮೇರೋವಿಟ್ಜ್ 1960ರ ದಶಕದಲ್ಲಿ ಎರಡು ಕ್ಯಾಮೆರಾ ಇಟ್ಟುಕೊಂಡು, ಒಂದರಲ್ಲಿ ಬಣ್ಣ ಇನ್ನೊಂದರಲ್ಲಿ ಕಪ್ಪುಬಿಳುಪು ಹಾಕಿ, ಒಂದೇ ದೃಶ್ಯವನ್ನು ಎರಡರಲ್ಲೂ ತೆಗೆದು ಹೋಲಿಸಿ ನೋಡುತ್ತಿದ್ದ. ನಮಗೆ ಅದು ಒಂದು ಬಟನ್ನಿನ ಕೆಲಸ.

ಎಡಿಟಿಂಗಿನಲ್ಲಿ ಸ್ಯಾಚುರೇಷನ್ (ಬಣ್ಣದ ತೀವ್ರತೆ) ಪಟ್ಟಿಯನ್ನು ಬಲಕ್ಕೆ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಎಳೆದರೆ ಎಲ್ಲ ಬಣ್ಣವೂ ಒಟ್ಟಿಗೆ ಕೂಗುತ್ತದೆ, ನಂಟು ಹಾಳಾಗುತ್ತದೆ. ಅದರ ಬದಲು ಒಂದೊಂದೇ ಬಣ್ಣವನ್ನು ಬೇರೆಬೇರೆ ತಿದ್ದುವ ಪಟ್ಟಿಗಳಿರುತ್ತವೆ, ಅಲ್ಲಿಗೆ ಹೋಗಿ. ಮುಖ್ಯ ಜೋಡಿಯನ್ನು ಆದಷ್ಟು ಮುಟ್ಟಬೇಡಿ. ಅಡ್ಡ ಬರುವ ಮೂರನೇ ಬಣ್ಣವನ್ನು ಸ್ವಲ್ಪ ಮಂಕು ಮಾಡಿ, ಸ್ವಲ್ಪ ಕಪ್ಪು ಮಾಡಿ. ಕೆಂಪು ಏರಬೇಕಾದರೆ ಕೆಂಪನ್ನು ಏರಿಸುವುದಕ್ಕಿಂತ ಪಕ್ಕದ ಹಸಿರನ್ನು ಇಳಿಸಿ ನೋಡಿ. ಕಿತ್ತಳೆ ಪಟ್ಟಿಯನ್ನು ಮುಟ್ಟುವಾಗ ಜೋಪಾನ, ಮುಖಗಳ ಬಣ್ಣ ಇರುವುದು ಅಲ್ಲೇ. ವಸ್ತುವಿನ ಬಣ್ಣವನ್ನೇ ಬದಲಿಸಿ ಹಸಿರು ಅಂಗಿಯನ್ನು ಕೆಂಪು ಮಾಡುವುದು ನನ್ನ ದೃಷ್ಟಿಯಲ್ಲಿ ಮೋಸ. ಹಾಗೆ ಮಾಡುವುದಾದರೆ ನಲವತ್ತು ನಿಮಿಷ ಬಿಸಿಲಲ್ಲಿ ನಿಂತಿದ್ದು ಯಾಕೆ, ಅಲ್ವಾ?

ರಾತ್ರಿ ದೀಪದ ಕೆಳಗೆ ತಿದ್ದಿದ್ದನ್ನು ಮರುದಿನ ಹಗಲಿನಲ್ಲಿ ಮತ್ತೆ ನೋಡಿ. ಕೋಣೆಯ ದೀಪ ಹಳದಿಯಾಗಿದ್ದರೆ ಕಣ್ಣು ಅದಕ್ಕೆ ಒಗ್ಗಿಹೋಗಿ ಪರದೆ ನೀಲಿಯಾಗಿ ಕಾಣುತ್ತದೆ, ನೀವು ಚಿತ್ರವನ್ನು ಹಳದಿ ಕಡೆಗೆ ಎಳೆದುಬಿಟ್ಟಿರುತ್ತೀರಿ. ಫೋನಿನಲ್ಲಿ ರಾತ್ರಿ ಹೊತ್ತು ಪರದೆಯನ್ನು ಬೆಚ್ಚಗೆ ಮಾಡುವ ಸೌಲಭ್ಯ ಆನ್ ಇದ್ದರಂತೂ ಕೇಳುವುದೇ ಬೇಡ.

ಕೊನೆಗೆ ಚಿತ್ರಗಳನ್ನು ಆಲ್ಬಮ್ಮಿನಲ್ಲೋ ಗೋಡೆಯ ಮೇಲೋ ಜೋಡಿಸುವಾಗ ಷೆವ್ರಲ್ ಮತ್ತೆ ಬರುತ್ತಾನೆ. ಒಂದು ಚಿತ್ರದ ಬಣ್ಣವನ್ನು ಪಕ್ಕದ ಚಿತ್ರ ಬದಲಿಸುತ್ತದೆ. ನೀಲಿ ಶಟರಿನ ಆ ವಯಸ್ಸಾದವರ ಚಿತ್ರವನ್ನು ನಾನು ಮೊದಲು ಸಂಜೆ ಬಿಸಿಲಿನ ಒಂದು ಕಿತ್ತಳೆ ಚಿತ್ರದ ಎದುರು ಹಾಕಿದ್ದೆ. ಆ ಕಿತ್ತಳೆಯ ಮುಂದೆ ಅವರ ಮುಖ, ಕೈ ಎರಡೂ ಮಂಕಾದವು. ಮಳೆಯ ಬೂದು ಚಿತ್ರದ ಎದುರು ಹಾಕಿದೆ, ನೀಲಿ ತಣ್ಣಗಾಗಿ ಕೈಗಳು ಮತ್ತೆ ಮೇಲೆದ್ದವು. ಆದರೂ ಯಾಕೋ ಸಮಾಧಾನವಾಗಲಿಲ್ಲ. ಈಗ ಅದರ ಎದುರಿನ ಪುಟವನ್ನು ಖಾಲಿ ಬಿಟ್ಟಿದ್ದೇನೆ.